ನೆರಳಪ್ಪ ಬಿಸಿಲು ಹುಡುಕಿದ್ದು

ಬೆಳಿಗ್ಗೆ ಏಳು ಗಂಟೆಗೆ ಮುಟ್ಟಿ ನೋಡಿದಾಗಲೂ ಪ್ಯಾಂಟು ಒದ್ದೆಯಾಗಿಯೇ ಇತ್ತು. ಒದ್ದೆ ಎಂದರೆ ಸುಮ್ಮನೆ ತೇವವಲ್ಲ. ಹಿಂಡಿದರೆ ಇನ್ನೂ ನಾಲ್ಕು ಚಮಚ ನೀರು ಕೊಡುವಷ್ಟು ಔದಾರ್ಯ ಅದರಲ್ಲಿ ಉಳಿದಿತ್ತು. ಹಿಂದಿನ ದಿನ ಮಧ್ಯಾಹ್ನ ರಸ್ತೆ ದಾಟುವಾಗ ಬಸ್ಸೊಂದು ಸೊಂಟದವರೆಗೆ ಕೆಸರು ಎರಚಿತ್ತು. ಕೂಡಲೇ ಬಂದು ಒಗೆದು, ಕಿಟಕಿಯ ಪಕ್ಕ ಕುರ್ಚಿಯ ಬೆನ್ನಿಗೆ ಹರವಿದ್ದ. ಹದಿನೆಂಟು ಗಂಟೆಯಾದರೂ ಪ್ಯಾಂಟು ಆಗಷ್ಟೇ ಸ್ನಾನ ಮುಗಿಸಿ ಬಂದವರ ಹಾಗೆ ಕೂತಿತ್ತು.

ಅವನ ಹತ್ತಿರ ಇದ್ದ ದಪ್ಪ ಪ್ಯಾಂಟು ಅದೊಂದೇ. ಊರು ಬಿಟ್ಟಾಗ ಅಲ್ಲಿ ಸುಡುಬೇಸಿಗೆ. ಅಮ್ಮ ಆರು ತೆಳು ಹತ್ತಿಯ ಪ್ಯಾಂಟುಗಳನ್ನು ಮಡಿಸಿ ಇಟ್ಟಿದ್ದಳು. "ಅಲ್ಲಿ ಈಗ ಚಳಿಗಾಲ ಕಣೇ" ಎಂದು ಮಾವ ಕೊನೆಯ ಗಳಿಗೆಯಲ್ಲಿ ನೆನಪಿಸಿದ ಮೇಲೆ, ದರ್ಜಿಯನ್ನು ಪೀಡಿಸಿ ಕಂಬಳಿಯಷ್ಟು ದಪ್ಪನೆಯ ಈ ಕಪ್ಪು ಪ್ಯಾಂಟನ್ನು ಹೊಲಿಸಿದ್ದರು. ಭೂಮಿಯ ಇನ್ನೊಂದು ಅರ್ಧಕ್ಕೆ ಬಂದು ಮೂರು ವಾರವಾಗಿತ್ತು. ಇಪ್ಪತ್ತೊಂದು ದಿನವೂ ಈ ಪ್ಯಾಂಟೇ ಅವನ ಮಾನವನ್ನೂ ಮೊಣಕಾಲನ್ನೂ ಕಾಪಾಡಿತ್ತು.

ಇವತ್ತು ಮೂರು ಗಂಟೆಗೆ ವಿಶ್ವವಿದ್ಯಾಲಯದ ಭೂಗೋಳ ವಿಭಾಗದಲ್ಲಿ, ಮುಖ್ಯಸ್ಥೆ ಮೇಡಂ ನಡೆಸುವ ಸಂದರ್ಶನ. ಈ ವರ್ಷ ಹೊಸದಾಗಿ ಬಂದವರು ಇಬ್ಬರೇ. ಅವರಲ್ಲಿ ಒಬ್ಬರನ್ನು ಮೇಡಂ ತಮ್ಮ ತಂಡದ ಜೊತೆ ಮೂರು ತಿಂಗಳು ಹೊರಗೆ ಊರು ಸುತ್ತುವ ಕೆಲಸಕ್ಕೆ ಕಳಿಸುತ್ತಾರೆ. ಉಳಿದವರು ವರ್ಷವಿಡೀ ನೆಲಮಾಳಿಗೆಯಲ್ಲಿ ಹಳೆಯ ನಕ್ಷೆಗಳ ಧೂಳು ಒರೆಸಿ ನಂಬರು ಹಾಕಬೇಕು. ಆ ನೆಲಮಾಳಿಗೆಯನ್ನು ಅವನು ಒಮ್ಮೆ ನೋಡಿದ್ದ. ಕಿಟಕಿಯಿಲ್ಲ. ಮಡಿಸಿಟ್ಟ ಹಳೆಯ ಛತ್ರಿಯ ವಾಸನೆ. ಟ್ಯೂಬ್‌ಲೈಟಿನ ಗುಂಯ್ ಎನ್ನುವ ಸದ್ದು ಬಿಟ್ಟರೆ ಮಾತಾಡುವ ಇನ್ನೊಂದು ಪ್ರಾಣಿಯಿಲ್ಲ. ಮೊದಲೇ ಅವನು ಹತ್ತು ಮಾತಿಗೆ ಒಂದು ಆಡುವವನು. ಈ ಮೂರು ವಾರದಲ್ಲಿ ಆ ಒಂದೂ ಕಡಿಮೆಯಾಗಿತ್ತು. ವರ್ಷವಿಡೀ ಅಲ್ಲಿ ಕೂತರೆ ತನಗೆ ಮಾತೇ ಮರೆತುಹೋದೀತು ಎಂಬ ಭಯ ಅವನಿಗೆ ನಿಜವಾಗಿಯೂ ಇತ್ತು.

ಪ್ಯಾಂಟು ಒಣಗದೆ ಇದ್ದುದಕ್ಕೆ ಕಾರಣ ಅವನಿಗೆ ಗೊತ್ತಿತ್ತು. ಆದರೆ ಅದನ್ನು ಯಾರ ಹತ್ತಿರವೂ ಹೇಳುವ ಹಾಗಿರಲಿಲ್ಲ.

ಮೂರು ವಾರದ ಹಿಂದೆ ಮನೆಯೊಡತಿ ಎರಡು ಖಾಲಿ ಕೋಣೆಗಳನ್ನು ತೋರಿಸಿ, "ಮೊದಲು ಬಂದೋನು ನೀನು, ಯಾವುದು ಬೇಕೋ ಆರಿಸ್ಕೋ" ಎಂದಿದ್ದರು. ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ದಕ್ಷಿಣದ್ದು ಕೊಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕಿರ್ತಾನೆ" ಎಂದ. ಊರಿನಲ್ಲಿ ಹುಟ್ಟಿದಾಗಿನಿಂದ ಹಾಗೇ ಇದ್ದ ಸೂರ್ಯ. ಸಮಭಾಜಕವೃತ್ತ ದಾಟಿದರೆ ಅವನು ಉತ್ತರಕ್ಕೆ ಹೋಗುತ್ತಾನೆ ಎಂದು ಪರೀಕ್ಷೆಯಲ್ಲಿ ಚಿತ್ರ ಸಹಿತ ಬರೆದು ಚಿನ್ನದ ಪದಕ ತೆಗೆದುಕೊಂಡವನೂ ಇವನೇ. ಬರೆದದ್ದು ಕೈ, ಕೋಣೆ ಆರಿಸಿದ್ದು ಮೈ. ಕೈಗೆ ಗೊತ್ತಿದ್ದುದನ್ನು ಮೈಗೆ ಯಾರೂ ಹೇಳಿರಲಿಲ್ಲ.

ಮನೆಯೊಡತಿ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಭೂಗೋಳದಲ್ಲಿ ಪದಕ ಪಡೆದವನ ಮಾತನ್ನು ತಿದ್ದುವುದು ಹೇಗೆಂದು ಸುಮ್ಮನಾಗಿದ್ದರು. ನಾಲ್ಕನೆಯ ದಿನ ಅವರೇ, "ಅಲ್ಲಪ್ಪಾ, ನಿನ್ನ ಕೋಣೇಲಿ ಬಿಸಿಲೇ ಬರಲ್ಲ, ಪರವಾಗಿಲ್ವಾ?" ಎಂದು ಕೇಳಿದಾಗ, ತಪ್ಪು ಒಪ್ಪಿಕೊಳ್ಳುವ ಬದಲು ಅವನ ಬಾಯಿಂದ ಬಂದದ್ದು, "ನನಗೆ ನೆರಳೇ ಇಷ್ಟ. ಬಿಸಿಲು ಆಗಿಬರಲ್ಲ."

ಅಂದಿನಿಂದ ಮನೆಯವರೆಲ್ಲರ ಬಾಯಲ್ಲೂ ಅವನು 'ನೆರಳಪ್ಪ'. ಮನೆಯೊಡತಿ ಅವನ ಕಿಟಕಿಗೆ ತಾವೇ ಹೊಲಿದ ದಪ್ಪ ಪರದೆ ಹಾಕಿಸಿದರು. ಉತ್ತರದ ಕೋಣೆಗೆ, ಇವನು ಬಂದ ಮಾರನೆಯ ದಿನವೇ ಬಂದು ಸೇರಿದವನು, ಇವನ ಸಹಪಾಠಿ, ಇವತ್ತಿನ ಸಂದರ್ಶನದ ಎದುರಾಳಿ. ಸದಾ ಗರಿಗರಿ ಬಟ್ಟೆಯಲ್ಲಿರುತ್ತಿದ್ದುದರಿಂದ ಅವನಿಗೆ 'ಇಸ್ತ್ರಿ' ಎಂದು ಹೆಸರು. ದೀಪದ ಕಂಬದಷ್ಟು ಎತ್ತರ. ಅವನ ಪ್ಯಾಂಟನ್ನು ನೆರಳಪ್ಪ ಹಾಕಿಕೊಂಡರೆ ಗುಂಡಿಯನ್ನು ಕೊರಳಿಗೆ ಹಾಕಬೇಕು.

ಹೀಟರಿನ ಮೇಲೆ ಬಟ್ಟೆ ಹಾಕಬಾರದೆಂದು ಮನೆಯೊಡತಿ ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. ಮೂಲೆಯ ಲಾಂಡ್ರಿಗೆ ವಾರದಿಂದ ಬೀಗ. ಉಳಿದದ್ದು ಬಿಸಿಲು.

ಎಂಟೂವರೆಗೆ ಅವನು ಪ್ಯಾಂಟನ್ನು ಸ್ವೆಟರಿನೊಳಗೆ ಅಡಗಿಸಿಕೊಂಡು, ಒಮ್ಮೆಲೇ ಏಳು ತಿಂಗಳ ಬಸುರಿಯಂತಾಗಿ, ಹಿತ್ತಲಿಗೆ ಇಳಿದ. ಹಿತ್ತಲು ಉತ್ತರಕ್ಕಿತ್ತು. ತಂತಿಯ ಮೇಲೆ ಬಿಸಿಲು ತೆಳ್ಳಗೆ ಬಿದ್ದಿತ್ತು. ಪ್ಯಾಂಟನ್ನು ಹರವಿ, ಎರಡು ಕ್ಲಿಪ್ಪು ಹಾಕಿ, ಕೋಣೆಗೆ ಬಂದು ಪುಸ್ತಕ ತೆರೆದ. ಒಂದು ಗಂಟೆ ಓದಿ ಮತ್ತೆ ಹೋದರೆ ತಂತಿಯ ಮೇಲೆ ಕ್ಲಿಪ್ಪುಗಳು ಮಾತ್ರ ಇದ್ದವು.

ಅಡುಗೆಮನೆಯ ಬಾಗಿಲಲ್ಲಿ ಮನೆಯೊಡತಿ ನಿಂತಿದ್ದರು. ಮುಖದಲ್ಲಿ ಉಪಕಾರ ಮಾಡಿದವರ ಕಳೆ.

"ಗಾಬರಿಯಾಗ್ಬೇಡ. ನಾನೇ ತೆಗೆದೆ. ಯಾರೋ ತಿಳೀದೆ ನಿನ್ನ ಪ್ಯಾಂಟ್ ತಂದು ಬಿಸಿಲಿಗೆ ಹಾಕಿಬಿಟ್ಟಿದ್ರು ನೋಡು."

"ಎಲ್ಲಿಟ್ರಿ?"

"ಮೆಟ್ಟಿಲ ಕೆಳಗೆ, ಪೊರಕೆ ಪಕ್ಕ. ಅಷ್ಟು ತಂಪು ಈ ಮನೇಲಿ ಇನ್ನೆಲ್ಲೂ ಇಲ್ಲ. ನಿನ್ನ ಮೈಗೆ ಹೇಳಿ ಮಾಡಿಸಿದ ಜಾಗ."

"ಥ್ಯಾಂಕ್ಸ್" ಎಂದ. ಇನ್ನೇನು ಹೇಳುವುದು? ಬಿಸಿಲಿಗೆ ಹಾಕಿದವನು ತಾನೇ ಎಂದರೆ, ಯಾಕೆ ಎಂಬ ಪ್ರಶ್ನೆ ಬರುತ್ತದೆ. ಯಾಕೆ ಎಂಬುದಕ್ಕೆ ಉತ್ತರ ಕೊಟ್ಟರೆ ಚಿನ್ನದ ಪದಕ ಹಿತ್ತಾಳೆಯಾಗುತ್ತದೆ.

ಮೆಟ್ಟಿಲ ಕೆಳಗಿನಿಂದ ತೆಗೆದಾಗ ಪ್ಯಾಂಟಿಗೆ ಒದ್ದೆಯ ಜೊತೆ ಜೇಡರ ಬಲೆಯೂ ಸೇರಿತ್ತು.

ಮಹಡಿಯ ಮೇಲೆ ನಿವೃತ್ತ ಅಂಚೆಯಣ್ಣ ಒಬ್ಬರೇ ಇದ್ದರು. ಅವರ ಬಾಲ್ಕನಿ ಉತ್ತರಕ್ಕೆ. ಹತ್ತು ಗಂಟೆಯಿಂದ ಅಲ್ಲಿ ಬಿಸಿಲು ಕಾಲು ಚಾಚಿ ಮಲಗಿರುತ್ತಿತ್ತು. ನೆರಳಪ್ಪ ಬಾಗಿಲು ತಟ್ಟಿದ.

"ಏನಪ್ಪಾ ಅಪರೂಪ?"

"ನಿಮ್ಮ ಗಿಡ ನೋಡೋಣ ಅಂತ ಬಂದೆ."

ಅಂಚೆಯಣ್ಣನ ಕಣ್ಣು ಅರಳಿತು. ಹನ್ನೊಂದು ವರ್ಷದಲ್ಲಿ ಆ ಮನೆಯ ಯಾರೊಬ್ಬರೂ ಅವರ ಗಿಡ ನೋಡುತ್ತೇನೆ ಎಂದಿರಲಿಲ್ಲ. ಆಮೇಲೆ ಆ ಕಣ್ಣು ಅವನ ಕೈಗೆ ಇಳಿಯಿತು.

"ಗಿಡ ನೋಡೋಕೆ ಪ್ಯಾಂಟ್ ಯಾಕೆ?"

ಅವನು ಪ್ಯಾಂಟನ್ನು ಮೊದಲ ಸಲ ಕಾಣುವವನಂತೆ ನೋಡಿದ. "ಕೈಯಲ್ಲಿತ್ತು. ಹಾಗೇ ಬಂದುಬಿಟ್ಟೆ."

"ಆ ಕಂಬಿ ಮೇಲೆ ಹಾಕು, ಬಾ."

ಅವನ ಎದೆಯ ಭಾರ ಇಳಿಯಿತು. ಕುಂಡಗಳು ಹದಿನಾಲ್ಕು. ಒಂದೊಂದರ ಮುಂದೆಯೂ ಅಂಚೆಯಣ್ಣ ನಿಂತು ಅದರ ಹುಟ್ಟು, ಅದಕ್ಕೆ ಬಂದ ರೋಗ, ವಾಸಿಯಾದ ಬಗೆ ಎಲ್ಲವನ್ನೂ ಬಟವಾಡೆ ಮಾಡಿದರು. ಅವನು ಹೂಂಗುಟ್ಟುತ್ತ ಓರೆಗಣ್ಣಿನಲ್ಲಿ ಪ್ಯಾಂಟನ್ನು ಕಾಯುತ್ತಿದ್ದ. ಒಂಬತ್ತನೆಯ ಕುಂಡದ ಹೊತ್ತಿಗೆ ಒಂದು ಕಾಲು ಅರ್ಧ ಒಣಗಿತ್ತು.

"ಒಳಗೆ ಕೂತ್ಕೋ. ನನ್ನ ಹತ್ತಿರ ಎಲ್ಲಾ ಗಿಡದ ಫೋಟೋ ಇದೆ, ನೋಡ್ತಾ ಇರು. ಟೀ ಮಾಡ್ಕೊಂಡು ಬರ್ತೀನಿ" ಎಂದರು ಅಂಚೆಯಣ್ಣ. ಆಲ್ಬಮ್ಮು ದಪ್ಪನಾಗಿತ್ತು. ಟೀ ಬರುವುದು ಬಹಳ ತಡವಾಯಿತು. ಕೊನೆಗೆ ಅವರು ತೋಳು ಮಡಿಸಿಕೊಂಡು, ಕೈ ಒರೆಸಿಕೊಳ್ಳುತ್ತ ಬಂದರು.

"ನಿನ್ನ ಪ್ಯಾಂಟಿಗೆ ಏನೋ ಧೂಳು, ಜೇಡರ ಬಲೆ ಎಲ್ಲಾ ಮೆತ್ಕೊಂಡಿತ್ತಪ್ಪ. ಮನಸ್ಸು ತಡೀಲಿಲ್ಲ. ಸೋಪ್ ಹಾಕಿ ತೊಳೆದುಬಿಟ್ಟೆ."

ನೆರಳಪ್ಪ ಎದ್ದು ನಿಂತ.

"ಏಳ್ಬೇಡ, ಏಳ್ಬೇಡ. ನಲವತ್ತು ವರ್ಷ ಬೇರೆಯವರ ಕಾಗದ ಹೊತ್ತಿದೀನಿ, ಒಂದು ಪ್ಯಾಂಟ್ ತೊಳೆಯೋದೇನು ದೊಡ್ಡದು? ಅದರಲ್ಲೂ ಗಿಡ ನೋಡೋಕೆ ಬಂದ ಹುಡುಗ ನೀನು."

ಹನ್ನೆರಡೂವರೆಗೆ ಅಂಚೆಯಣ್ಣ ಬಾಗಿಲಿಗೆ ಬೀಗ ಹಾಕಿ ಹೊರಗೆ ಹೊರಟಾಗ, ಪ್ಯಾಂಟು ಬೆಳಗಿನ ಏಳು ಗಂಟೆಗಿಂತ ಹೆಚ್ಚು ಒದ್ದೆಯಾಗಿ ಅವನ ಕೈ ಸೇರಿತು. ಸುವಾಸನೆ ಮಾತ್ರ ಚೆನ್ನಾಗಿತ್ತು.

ಅವನು ತೆಳು ಹತ್ತಿಯ ಪ್ಯಾಂಟಿನಲ್ಲಿ ಗಡಗಡ ನಡುಗುತ್ತ ಬೀದಿಯ ಕೊನೆಯ ಪಾರ್ಕಿಗೆ ಹೋದ. ಅಲ್ಲಿ ಒಂದು ಬೆಂಚಿನ ಮೇಲೆ ಬಿಸಿಲಿತ್ತು. ಪ್ಯಾಂಟನ್ನು ಉದ್ದಕ್ಕೆ ಹರವಿ ಪಕ್ಕದಲ್ಲಿ ಕೂತ. ದೂರದಿಂದ ನೋಡಿದರೆ ಇಬ್ಬರು ಗೆಳೆಯರು, ಅವರಲ್ಲಿ ಒಬ್ಬ ತುಂಬ ಸುಸ್ತಾದವನು, ಎಂದು ಕಾಣುವಂತಿತ್ತು. ಐದು ನಿಮಿಷವೂ ಆಗಿರಲಿಲ್ಲ, ಪಾರ್ಕಿನ ಕಾವಲುಗಾರ ಬಂದ.

"ಇಲ್ಲಿ ಬಟ್ಟೆ ಒಣಗಿಸೋ ಹಾಗಿಲ್ಲ."

"ಒಣಗಿಸ್ತಾ ಇಲ್ಲ."

"ಮತ್ತೇನಿದು?"

"ಸುಮ್ಮನೆ ತಂದಿದೀನಿ."

ಕಾವಲುಗಾರ ಯೋಚಿಸಿದ. ಕೈಯಲ್ಲಿದ್ದ ನಿಯಮದ ಪಟ್ಟಿಯಲ್ಲಿ ಸುಮ್ಮನೆ ಪ್ಯಾಂಟು ತರಬಾರದು ಎಂದಿರಲಿಲ್ಲ. "ತಂದ್ರೆ ಕೈಯಲ್ಲಿ ಹಿಡ್ಕೊಳ್ಳಿ. ಬೆಂಚಿನ ಮೇಲೆ ಹರಡ್ಬೇಡಿ."

ಹಾಗಾಗಿ ಅವನು ಸೊಂಟದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯಿಲ್ಲದವನೊಬ್ಬನನ್ನು ಊರಿಗೆ ಪರಿಚಯಿಸುವವನಂತೆ ನಿಂತ. ಕಟ್ಟಡವೊಂದರ ನೆರಳು ನಿಧಾನವಾಗಿ ಹುಲ್ಲಿನ ಮೇಲೆ ಸರಿಯುತ್ತಿತ್ತು. ಅದು ಪಾದಕ್ಕೆ ಬಂದಾಗಲೆಲ್ಲ ಅವನು ಎರಡು ಹೆಜ್ಜೆ ಪಕ್ಕಕ್ಕೆ ಹೋದ. ಸೂರ್ಯ ಬಲಗಡೆ ಇರಬೇಕಾದ ಹೊತ್ತಿನಲ್ಲಿ ಎಡಗಡೆ ಇದ್ದ. ಬಲಗಡೆಗೆ ಹೋಗಬೇಕಾದವನು ಎಡಗಡೆಗೆ ಹೋಗುತ್ತಿದ್ದ.

ತೋಳು ನೋಯತೊಡಗಿದಾಗ ಅವನಿಗೆ ಮನೆಯ ತಾರಸಿ ನೆನಪಾಯಿತು. ಅಲ್ಲಿ ಬಟ್ಟೆ ಒಣಗುವುದು ಒಂದು ಕೆಲಸವೆಂದೇ ಯಾರಿಗೂ ಅನ್ನಿಸಿರಲಿಲ್ಲ. ಅಮ್ಮ ಶಾಲೆಯ ಆಫೀಸಿಗೆ ಹೊರಡುವ ಮುಂಚೆ ಹರವಿ ಹೋದರೆ, ಮಧ್ಯಾಹ್ನ ಊಟಕ್ಕೆ ಬಂದಾಗ ತೆಗೆದು ತರುತ್ತಿದ್ದಳು. ಅವಳ ತೋಳಿನ ಮೇಲಿನ ಬಟ್ಟೆಯ ರಾಶಿಗೆ ಮುಖವಿಟ್ಟರೆ ಹಂಚಿನ ಬಿಸಿ. ಗಡಿಯಾರ ನೋಡದೆ ಅವಳು ಹೊತ್ತು ಹೇಳುತ್ತಿದ್ದಳು. "ಬಿಸಿಲು ಮೂರನೇ ಮೆಟ್ಟಿಲಿಗೆ ಬಂತು, ನಿಮ್ಮಪ್ಪ ಬರೋ ಹೊತ್ತು." ಅಪ್ಪ ಬರುತ್ತಿದ್ದರು. ಆ ಮನೆಯಲ್ಲಿ ಅವನು ಎಷ್ಟು ವರ್ಷ ಕೂತಿದ್ದ, ಏನೂ ಮಾತಾಡದೆ. ಆದರೆ ಆ ಮೌನ ಬೇರೆ. ಅಲ್ಲಿ ಸುಮ್ಮನಿದ್ದರೂ ಒಳಗಿನದು ಯಾರಿಗಾದರೂ ಕೇಳಿಸುತ್ತಿತ್ತು. ಇಲ್ಲಿ ಸುಮ್ಮನಿದ್ದರೆ ಸುಮ್ಮನಿದ್ದ ಹಾಗೆ, ಅಷ್ಟೆ.

"ಏನ್ ಗುರು, ಪ್ಯಾಂಟ್‌ಗೆ ಊರು ತೋರಿಸ್ತಾ ಇದೀಯಾ?"

ಇಸ್ತ್ರಿ ನಿಂತಿದ್ದ. ಕತ್ತಿಯ ಅಲಗಿನಂಥ ಮಡಿಕೆ, ಬಗಲಲ್ಲಿ ಪುಸ್ತಕ.

"ಬಣ್ಣ ನೋಡ್ತಿದ್ದೆ."

"ಕಪ್ಪು."

"ಗೊತ್ತು."

"ಬಿಸಿಲಲ್ಲಿ ನಿಂತಿದೀಯಲ್ಲ ಮಾರಾಯ, ಮೈಗೆ ಆಗಲ್ಲ ಅಂತಿದ್ದೆ?"

"ಸ್ವಲ್ಪ ಹೊತ್ತು ಪರವಾಗಿಲ್ಲ."

"ಹುಷಾರು. ಮೂರು ಗಂಟೆಗೆ ಅಲ್ಲಿ ತಲೆ ಸುತ್ತಿ ಬಿದ್ದುಬಿಟ್ಟೀಯಾ" ಎಂದು ಇಸ್ತ್ರಿ ಹೋದ. ಹೋಗುವಾಗ ಒಮ್ಮೆ ತಿರುಗಿ ನೋಡಿದ.

ಎರಡೂವರೆಗೆ ಬೇರೆ ದಾರಿಯಿರಲಿಲ್ಲ. ಅವನು ಕೋಣೆಗೆ ಓಡಿ, ಆ ಪ್ಯಾಂಟನ್ನೇ ಹಾಕಿಕೊಂಡ. ಮಂಡಿಯಿಂದ ಕೆಳಗೆ ಒಣಗಿತ್ತು. ಮೇಲೆ, ಎಲ್ಲಿ ಒಣಗಿರಲೇಬೇಕಿತ್ತೋ ಅಲ್ಲಿ, ಕೆರೆಯಿಂದ ಎದ್ದು ಬಂದ ಎಮ್ಮೆಯ ಹಾಗಿತ್ತು.

ಮೇಡಂ ಎಂದರೆ ಅರವತ್ತು ದಾಟಿದ ಚಿಕ್ಕ ದೇಹದ ಹೆಂಗಸು. ಅವರು ಮಾತಾಡುವುದಕ್ಕಿಂತ ಎದುರಿನವರನ್ನು ನೋಡುವುದೇ ಹೆಚ್ಚು. ಇಬ್ಬರನ್ನೂ ಒಟ್ಟಿಗೇ ಕರೆದು ಕೂರಿಸಿದರು. ನೆರಳಪ್ಪನ ಪಾಲಿಗೆ ಬಂದದ್ದು ಹೀಟರಿನ ಪಕ್ಕದ ಕುರ್ಚಿ.

"ಒಂದೇ ಪ್ರಶ್ನೆ. ಈ ಊರಿಗೆ ಬಂದ ಮೇಲೆ, ಪುಸ್ತಕದಲ್ಲಿ ಇಲ್ಲದೇ ಇರೋದು ಏನು ತಿಳ್ಕೊಂಡ್ರಿ?"

ಇಸ್ತ್ರಿ ಮೊದಲು ಶುರು ಮಾಡಿದ. ಊರಿನ ಬೆಳವಣಿಗೆ, ರಸ್ತೆಗಳ ಜಾಲ, ಮೂರು ಹಂತ. ಚೆನ್ನಾಗಿಯೇ ಹೇಳಿದ. ಅವನು ಎರಡನೆಯ ಹಂತಕ್ಕೆ ಬಂದಾಗ ಮೇಡಂ ನೋಟ ಪಕ್ಕಕ್ಕೆ ಸರಿಯಿತು. ನೆರಳಪ್ಪನ ತೊಡೆಯಿಂದ ಆವಿ ಏಳುತ್ತಿತ್ತು. ಮೊದಲು ತೆಳ್ಳಗೆ, ಆಮೇಲೆ ಬಚ್ಚಲಮನೆಯ ಹಂಡೆಯಿಂದ ಏಳುವಂತೆ ಧಾರಾಳವಾಗಿ. ಸೋಪಿನ ಪರಿಮಳ ಕೋಣೆಯನ್ನೆಲ್ಲ ತುಂಬಿತು.

"ನಿನಗೇನಾಗ್ತಿದೆಯಪ್ಪಾ?" ಎಂದರು ಮೇಡಂ.

ಇಪ್ಪತ್ತೊಂದು ದಿನ ಕಟ್ಟಿಟ್ಟುಕೊಂಡದ್ದು ಅಲ್ಲಿ ಒಡೆಯಿತು. ಅವನು ಎದ್ದು ಬೋರ್ಡಿನ ಮೇಲೆ ಮನೆ ಬರೆದ, ಹಿತ್ತಲು ಬರೆದ, ಬಾಲ್ಕನಿ, ಪಾರ್ಕು ಬರೆದ. ಎಂಟೂವರೆಗೆ ಬಿಸಿಲು ಎಲ್ಲಿರುತ್ತದೆ, ಹತ್ತಕ್ಕೆ ಎಲ್ಲಿ, ಒಂದಕ್ಕೆ ಯಾವ ಕಟ್ಟಡದ ನೆರಳು ಯಾವ ಬೆಂಚನ್ನು ನುಂಗುತ್ತದೆ, ಎಲ್ಲವನ್ನೂ ಗುರುತು ಮಾಡಿದ. "ನಾನು ದಕ್ಷಿಣದ ಕೋಣೆ ಕೇಳಿ ತಗೊಂಡೆ ಮೇಡಂ. ತಪ್ಪಾಯ್ತು ಅಂತ ಹೇಳೋಕೆ ನಾಚಿಕೆಯಾಗಿ, ನೆರಳು ಇಷ್ಟ ಅಂತ ಸುಳ್ಳು ಹೇಳಿದೆ. ತಲೆ ಈ ಕಡೆ ಬಂದಿದೆ, ಮೈ ಇನ್ನೂ ಊರಲ್ಲೇ ಇದೆ. ಬೆಳಿಗ್ಗೆಯಿಂದ ಈ ಪ್ಯಾಂಟ್ ಹಿಡ್ಕೊಂಡು ಬಿಸಿಲಿನ ಹಿಂದೆ ಓಡಿದೀನಿ. ತಿಳ್ಕೊಂಡಿದ್ದು ಇಷ್ಟೇ."

ತೊಡೆಯಿಂದ ಆವಿ ಇನ್ನೂ ಏಳುತ್ತಿತ್ತು. ಇಸ್ತ್ರಿ ಮೆಲ್ಲಗೆ, "ಥೂ, ಇಷ್ಟೇನಾ. ನನಗೆ ಬೆಳಗಾದ್ರೆ ಕಣ್ಣಿಗೆ ಬಿಸಿಲು ಹೊಡೆದು ನಿದ್ದೆನೇ ಇಲ್ಲ. ಕೇಳಿದ್ರೆ ಮೊದಲ ದಿನಾನೇ ಕೋಣೆ ಬದಲಾಯಿಸ್ಕೊಳ್ತಿದ್ದೆ" ಎಂದ.

ಮೇಡಂ ಬಹಳ ಹೊತ್ತು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಹೇಳಿದರು: "ನೀನು ಸೇರ್ಕೋ ನನ್ನ ತಂಡಕ್ಕೆ. ದಾರಿ ತಪ್ಪೋದು ಅಂದ್ರೇನು ಅಂತ ಗೊತ್ತಿರೋನು ಬೇಕಾಗಿತ್ತು ನನಗೆ. ಸಣ್ಣ ಊರುಗಳಲ್ಲಿ ದಾರಿ ಕೇಳಿದ್ರೆ ಜನ ಹೇಗೆ ಹೇಳ್ತಾರೆ, ಅದೇ ನಮ್ಮ ಕೆಲಸ. ಈ ಸಲದ ಊರು ಭೂಮಿಯ ಆ ಕಡೆ ಇದೆ. ಯಾರಿಗೂ ಹೆಸರು ಗೊತ್ತಿಲ್ಲ."

ಅವರು ಕಡತ ತೆರೆದು, ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಊರಿನ ಹೆಸರು ಓದಿದರು. ಎರಡು ಕಡೆ ತಪ್ಪಾಗಿ ಮುರಿದು ಓದಿದರು. ಆದರೂ ಅವನಿಗೆ ತಿಳಿಯಿತು. ಅವನ ಅರ್ಜಿಯಲ್ಲಿ ಇದ್ದದ್ದು ಕಾಲೇಜು ಓದಿದ ಮಹಾನಗರದ ವಿಳಾಸ. ಈ ಹೆಸರು ಈ ದೇಶದಲ್ಲಿ ಇನ್ನೊಬ್ಬರ ಬಾಯಲ್ಲಿ ಬರುತ್ತದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಅದು ನಮ್ಮೂರು ಮೇಡಂ" ಎಂದ.

ಒಂದು ಮಾತು ಹೊರಬಿದ್ದ ಮೇಲೆ ಉಳಿದವು ತಾವಾಗಿಯೇ ಹೊರಟವು. ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೆ ಗಡಿಯಾರ ರಿಪೇರಿಯ ಅಂಗಡಿ, ಅಲ್ಲಿನ ಒಂದು ಗಡಿಯಾರವೂ ಸರಿಯಾದ ಹೊತ್ತು ತೋರಿಸುವುದಿಲ್ಲ. ಅದರ ಪಕ್ಕದ ಸಂದಿಯಲ್ಲಿ ಹೋದರೆ ನೀರಿನ ಟ್ಯಾಂಕು. ಟ್ಯಾಂಕಿನ ಎಡಕ್ಕೆ ತಿರುಗಿದರೆ ಮೂರನೆಯದು ತಮ್ಮ ಮನೆ, ಹಸಿರು ಗೇಟು. ಆ ಊರಿನ ಪ್ರತಿಯೊಂದು ತಿರುವೂ ಅವನ ಬಾಯಿಂದ ಬಂತು. ಇಲ್ಲಿಗೆ ಬಂದ ಮೇಲೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಮೇಡಂ ಮಧ್ಯೆ ತಡೆಯಲಿಲ್ಲ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಕಡತವನ್ನು ಮೆಲ್ಲಗೆ ಮುಚ್ಚಿದರು.

"ಇಷ್ಟೆಲ್ಲ ಗೊತ್ತಿರೋನು ಅಲ್ಲಿ ಹೋಗಿ ಯಾರನ್ನ ಏನು ದಾರಿ ಕೇಳ್ತೀಯಪ್ಪಾ?"

ಮೇಡಂ ಉತ್ತರಕ್ಕೆ ಕಾಯದೆ ಮುಂದುವರಿಸಿದರು.

"ನಿನ್ನ ಮುಖ ನೋಡಿದ್ರೆ ಊರಿನೋರೆಲ್ಲ ಮಾತಾಡಿಸ್ತಾರೆ, ದಾರಿ ಯಾರೂ ಹೇಳಲ್ಲ. ಆಗಲ್ಲ. ನೀನು ಇಲ್ಲೇ ಇರು. ಅಲ್ಲಿಂದ ಬರೋ ನಕ್ಷೆಗಳನ್ನ ನೆಲಮಾಳಿಗೇಲಿ ಕೂತು ತಿದ್ದು. ನಿನಗಿಂತ ಚೆನ್ನಾಗಿ ತಪ್ಪು ಹಿಡಿಯೋರು ಯಾರು ಸಿಗ್ತಾರೆ?" ಮೇಡಂ ಇಸ್ತ್ರಿಯ ಕಡೆ ತಿರುಗಿದರು. "ನೀನು ಹೊರಡು."

ಬೆಳಗಿನಿಂದ ಒಂದು ಮಾತು ಆಡಿದ್ದರೆ ಎಲ್ಲ ಸರಿಹೋಗುತ್ತಿದ್ದ ಕಡೆಯೆಲ್ಲ ಅವನು ಬಾಯಿ ಮುಚ್ಚಿಕೊಂಡಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿದ್ದ ಒಂದೇ ಒಂದು ಕಡೆ ಅಷ್ಟೂ ಸೇರಿಸಿ ಆಡಿದ್ದ.

ಸಂಜೆ ಮನೆಯೊಡತಿಗೆ ಎಲ್ಲ ಗೊತ್ತಾಯಿತು. "ಮೊದಲೇ ಹೇಳ್ಬಾರ್ದಾಗಿತ್ತಾ? ಹೋಗ್ಲಿ ಬಿಡು, ಅವನು ಹೊರಟ ಮೇಲೆ ಉತ್ತರದ ಕೋಣೆ ನಿಂದೇ" ಎಂದರು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ನೆಲಮಾಳಿಗೆಯ ಕೆಲಸ ಬೆಳಿಗ್ಗೆ ಎಂಟರಿಂದ ಸಂಜೆ ಆರು. ಇಲ್ಲಿ ಸೂರ್ಯ ಐದಕ್ಕೇ ಮುಳುಗುತ್ತಾನೆ.

ಬಾಗಿಲು ತಟ್ಟಿ ಇಸ್ತ್ರಿ ಬಂದ. ಅವನಿಗೂ ಗೆದ್ದ ಕಳೆ ಇರಲಿಲ್ಲ. "ಬೇಜಾರ್ ಮಾಡ್ಕೋಬೇಡ ಕಣೋ. ಅಲ್ಲಿ ನನಗೆ ಯಾರೂ ಗೊತ್ತಿಲ್ಲ. ನಿಮ್ಮ ಮನೇಲಿ ಒಂದು ಮಾತು ಹೇಳ್ತೀಯಾ?"

ಅವನು ಊರಿಗೆ ಫೋನ್ ಮಾಡಿದ. ಅಮ್ಮನ ದನಿ ಅಡುಗೆಮನೆಯಿಂದ ಬರುತ್ತಿತ್ತು. ಹಿಂದೆ ತಂಗಿ ಏನೋ ಹುಡುಕುತ್ತ ಬೈದುಕೊಳ್ಳುತ್ತಿದ್ದಳು.

"ನಿನ್ನ ಸ್ನೇಹಿತನಾ? ಮೂರು ತಿಂಗಳಾ? ಬರ್ಲಿ ಬಿಡು, ಅದಕ್ಕೇನು. ನಿನ್ನ ಮಂಚ ಖಾಲಿನೇ ಇದೆ. ನೀನೂ ಬರ್ತಿದೀಯಾ ಜೊತೇಲಿ?"

"ಇಲ್ಲಮ್ಮ. ನನಗೆ ಊರು ತುಂಬಾ ಗೊತ್ತಂತೆ. ಅದಕ್ಕೆ ಬೇಡ ಅಂದ್ರು."

"ಹೌದಾ" ಎಂದಳು ಅಮ್ಮ. ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು. "ಸರಿ, ಆ ಹುಡುಗನಿಗೆ ದಾರಿ ಹೇಗೆ ಹೇಳಿದೀಯ?"

"ಬಸ್‌ಸ್ಟ್ಯಾಂಡಲ್ಲಿ ಇಳಿದು, ಎದುರುಗಡೆ ಗಡಿಯಾರದ ಅಂಗಡಿ ಪಕ್ಕ..."

"ಯಾವ ಬಸ್‌ಸ್ಟ್ಯಾಂಡು? ಅದನ್ನ ಹೋದ ವಾರ ಕೆಡವಿದ್ರಲ್ಲ. ಈಗ ಬಸ್ಸೆಲ್ಲ ರೈಲ್ವೆ ಗೇಟಿನ ಆ ಕಡೆ ನಿಲ್ಲೋದು. ಗಡಿಯಾರದೋನೂ ಅಂಗಡಿ ಬಿಟ್ಟ. ಆ ಸಂದೀಲಿ ಪೈಪ್ ಹಾಕೋಕೆ ಅಗೆದಿದಾರೆ, ಜನ ಓಡಾಡೋ ಹಾಗಿಲ್ಲ. ನೀನು ಹೇಳಿದ ದಾರೀಲಿ ಬಂದ್ರೆ ಆ ಹುಡುಗ ಮನೆಗೆ ಬರಲ್ಲ, ಗುಂಡಿಗೆ ಬೀಳ್ತಾನೆ."

ನೆರಳಪ್ಪ ಎದ್ದು ನಿಂತ. ಹಾಗಾದರೆ ತನಗೂ ಅಲ್ಲಿ ದಾರಿ ತಪ್ಪುತ್ತದೆ. ಈ ಮಾತು ಮೇಡಂಗೆ ಹೇಳಿದರೆ? ಊರು ಗೊತ್ತಿದೆಯೆಂದು ಆಚೆಯ ಕೆಲಸ ತಪ್ಪಿತ್ತು. ಊರು ಗೊತ್ತಿದೆಯೆಂದೇ ಈಚೆಯ ಕೆಲಸ ಸಿಕ್ಕಿತ್ತು. ಗೊತ್ತಿಲ್ಲವೆಂದು ಈಗ ಹೋಗಿ ನಿಂತರೆ ಎರಡೂ ಇಲ್ಲ. ಅವನು ಮತ್ತೆ ಕೂತ. ಬಾಗಿಲಲ್ಲಿ ಇಸ್ತ್ರಿ ಕಾಗದ ಪೆನ್ಸಿಲ್ಲು ಹಿಡಿದು ಕಾಯುತ್ತಿದ್ದ. ಅವನ ಕೈಯಿಂದ ಎರಡನ್ನೂ ತೆಗೆದುಕೊಂಡ.

"ಬರ್ಕೋತೀಯಾ?" ಎಂದಳು ಅಮ್ಮ.

"ಹೇಳಮ್ಮ."

"ಮೊದಲು ರೈಲ್ವೆ ಗೇಟ್ ದಾಟಬೇಕು. ದಾಟಿದ್ಯಾ?"

"ದಾಟಿದೆ" ಎಂದ ಅವನು.

"ಹಾಂ, ಈಗ ನಿಧಾನಕ್ಕೆ ನೋಡ್ಕೊಂಡು ಬಾ."